ಒಂದಾಣೆ ದಂಡ

ಹೊಯಿಗೆ ಬಜಾರಿನ ಹಂಚಿನ ಕಾರ್ಖಾನೆಯಲ್ಲಿ
ರೈಟರ್ ಅಂದರೆ ಲೆಕ್ಕ ಬರೆಯುವವ.
ಎಲಿಯ ಅಮ್ಮನ್ನರು ನಮ್ಮ ರೈಟರು.
ಎಷ್ಟು ದೋಣಿ ಆವೆಮಣ್ಣು, ಎಷ್ಟು ಗಾಡಿ ಸೌದೆ,
ಗಂಡಾಳು ಇಷ್ಟು, ಹೆಣ್ಣಾಳು ಇಷ್ಟು.
ನಾವು ಮಕ್ಕಳು ಬುಟ್ಟಿಯ ಲೆಕ್ಕಕ್ಕೆ ಸೇರುತ್ತಿದ್ದೆವು.

ನಾನು ಲಾದ್ರು. ಬಂದರಿನ ಪೊಡಿಮೋನು.
ಮತ್ತೆ ಕೊರಪೊಳು,
ನಮಗಿಂತ ಒಂದು ಗೇಣು ಎತ್ತರ, ಒಂದು ಬುಟ್ಟಿ ಹೆಚ್ಚು.
ಮೂವರ ಮನೆಯಲ್ಲಿ ಮೂರು ಭಾಷೆ;
ಜಗಳಕ್ಕೆ ತುಳು ಸಾಕಿತ್ತು.
ಕನ್ನಡ ಅಂದರೆ ಶಾಲೆ:
ಪೊಡಿಮೋನು ಎರಡು ವರ್ಷ ಕಂಡದ್ದು,
ನಾನು ಓಡಿ ಬಂದದ್ದು,
ಕೊರಪೊಳು ಕಿಟಿಕಿಯ ಹೊರಗೆ ನಿಂತು ಕೇಳಿದ್ದು.

ಗಂಜಿಯ ಹೊತ್ತಿಗೆ ಯಂತ್ರ ನಿಂತರೆ
ರೈಟರು ಮುರಿದ ಕೊಡೆಯ ಕಡ್ಡಿ ಹಿಡಿದು
ಅರೆ ಒಣಗಿದ ಹಂಚುಗಳ ಸಾಲಿಗೆ ಬರುವರು.
ಕೂಸನ್ನು ಮಗುಚುವ ಹಾಗೆ ಒಂದನ್ನು ಮಗುಚಿ
ಕಂಪೆನಿಯ ಮುದ್ರೆಯ ಕೆಳಗೆ
ಒಂದು ಸಾಲು ಗೀರುವರು. ಒಂದು ಹಂಚಿಗೆ ಒಂದೇ.

*ಹೊಳೆ ತಂದದ್ದನ್ನು ಹೊಳೆ ತಿರುಗಿ ಕೇಳುವುದಿಲ್ಲ.*

ಮಾರನೆಯ ದಿನ, ಇನ್ನೊಂದರ ಬೆನ್ನಿಗೆ:

*ಬೆಂಕಿಗೆ ಹೆದರಬೇಡ, ಅದೂ ಒಂದು ಊರು.*

ಪೊಡಿಮೋನು ಎಳೆದೆಳೆದು ಓದುವನು.
ನಾನು ಬಾಯಿಪಾಠ ಮಾಡುವೆನು.
ಕೊರಪೊಳು ಮಾತ್ರ ಬೆರಳಿಟ್ಟು
ಗೀರಿನ ಒಳಗೇ ನಡೆಯುವಳು, ಮೆಲ್ಲ,
ಉಗುರಿಗೆ ಮಣ್ಣು ತುಂಬುವ ತನಕ.

"ಪುಸ್ತಕ ಮಾಡಬಹುದಲ್ಲ ರೈಟರೇ?"
"ಗೆದ್ದಲು ತಿನ್ನುತ್ತದೆ ಮಾರಾಯ" ಅಂದರು ಮೊದಲು.
ಆಮೇಲೆ, ಕನ್ನಡಕ ಒರೆಸುತ್ತಾ,
"ಅಚ್ಚುಕೂಟದವರು ಎರಡು ಸಲ ಹಿಂದೆ ಕಳಿಸಿದರು."
ಸ್ವಲ್ಪ ಹೊತ್ತು ಬಿಟ್ಟು,
"ಮಾಳಿಗೆಯಿಲ್ಲದ ಮನೆಯಲ್ಲಿ ಜ್ವರ ಬಂದವ
ಅಂಗಾತ ಮಲಗಿ ಮೇಲೆ ನೋಡದೆ
ಮತ್ತೆಲ್ಲಿ ನೋಡುತ್ತಾನೆ ಹೇಳು?"

ಹಂಚು ಮಂಜಿ ಹತ್ತಿ ಹೋಗುತ್ತಿತ್ತು
ಗೋವೆಗೆ, ಕೊಚ್ಚಿಗೆ, ಏಡನ್ನಿಗೆ.
ಇಡೀ ಪದ್ಯ ಯಾವ ಮಾಡಿಗೂ ಸಿಕ್ಕಲಿಲ್ಲ.

ಒಂದು ದಿನ ಮೋನಪ್ಪ ಮೇಸ್ತ್ರಿಗೆ ಸಿಕ್ಕಿತು.
ಗೀರಿದ ಹಂಚನ್ನು ಎತ್ತಿ ಹಿಡಿದು ಕೂಗಿದ:
"ಯಾರದ್ದು ಈ ಕಾರುಬಾರು?"
ರೈಟರ ಕೈ ಅಂಗಿಯ ಕಿಸೆಯಲ್ಲಿ ಕಡ್ಡಿ ಹುಡುಕುತ್ತಿತ್ತು.
ಮನೆಯಲ್ಲಿ ಕೆಮ್ಮುವ ಹೆಂಡತಿ, ತಿಂಗಳಿಗೆ ಹದಿನಾಲ್ಕು ರೂಪಾಯಿ.
"ನಾನು" ಅಂದಳು ಕೊರಪೊಳು.

ಮೇಸ್ತ್ರಿ ನಕ್ಕ. ಹೊಟ್ಟೆ ಹಿಡಿದು ನಕ್ಕ.
"ನೀನಾ? ಸರಿ, ಬರೆ ನೋಡುವ."
ಹೊಸ ಹಂಚೊಂದನ್ನು ಅವಳ ಮುಂದೆ ಮಗುಚಿದ.

ಯಾರೂ ಉಸಿರು ಬಿಡಲಿಲ್ಲ.
ಗೂಡಿನಲ್ಲಿ ಸೌದೆ ಚಿಟಿಲೆಂದಿತು.
ಅವಳು ತಲೆಯಿಂದ ಸಿಂಬೆ ತೆಗೆದಿಟ್ಟು, ಕುಕ್ಕರಗಾಲಲ್ಲಿ ಕೂತು
ತೆಂಗಿನ ಗರಿಕಡ್ಡಿಯಿಂದ
ಇರುವೆ ಗೋಡೆ ಹತ್ತುವ ಹಾಗೆ ಬರೆದಳು.
ರೈಟರ ಸಾಲನ್ನು ನೆನೆದು ಬರೆಯುತ್ತಾಳೆ ಅಂದುಕೊಂಡೆ.
ಅಲ್ಲ. ಪೊಡಿಮೋನು ಬಗ್ಗಿ ಓದಿದ:

*ಮಳೆಯೇ, ಇದು ನಾನು ಹೊತ್ತ ಮಣ್ಣು.
ಮೆಲ್ಲ ಬೀಳು.*

ಮಳೆಯ ಳ ಹಿಂದುಮುಂದಾಗಿತ್ತು,
ಕನ್ನಡಿಯಲ್ಲಿ ನೋಡಿದ ಹಾಗೆ.
ಮೇಸ್ತ್ರಿಯ ನಗು ಎಲ್ಲೋ ಬಿದ್ದುಹೋಗಿತ್ತು.
"ಎರಡು ಹಂಚು ಹಾಳು. ಒಂದಾಣೆ ದಂಡ.
ರೈಟರೇ, ಬರ್ಕೊಳ್ಳಿ."

ದಪ್ಪ ಪುಸ್ತಕ ತೆರೆಯಿತು.
ಅಲ್ಲಿ ಹೆಣ್ಣಾಳುಗಳಿಗೆ ಹೆಸರಿನ ಕಲಮೇ ಇರಲಿಲ್ಲ.
ರೈಟರು ಲೇಖನಿ ಅದ್ದಿ, ಕೈ ನಡುಗುತ್ತಾ,
ಅಂಚಿನ ಖಾಲಿ ಜಾಗದಲ್ಲಿ ಬರೆದರು:
ಕೊರಪೊಳು. ಒಂದಾಣೆ.
ಶಾಯಿ ಒಣಗುವ ತನಕ ಪುಟ ಮಗುಚಲಿಲ್ಲ.
ಪುಸ್ತಕವನ್ನು ಅವಳ ಕಡೆಗೆ ತುಸು ತಿರುಗಿಸಿ,
ಕೆಮ್ಮಿ, ಹೊಳೆಯ ಕಡೆ ನೋಡುತ್ತಾ ನಿಂತರು.

ಅವಳು ನೋಡಿದಳು.
ಹೆಸರಿನ ಕೊನೆಯಲ್ಲಿತ್ತು ಆ ಅಕ್ಷರ,
ಹೇಗಿರಬೇಕೋ ಹಾಗೆ.

ಸಂಜೆ ಆ ಹಂಚು ಉಳಿದವುಗಳ ನಡುವೆ
ಗೂಡಿಗೆ ಹೋಯಿತು. ಜೋಡಿಸಿದ್ದು ನಾನೇ.
ಬಾಗಿಲಿಗೆ ಮಣ್ಣು ಮೆತ್ತುವಾಗ
ಕೊರಪೊಳು ಬೆರಳನ್ನು ಗಾಳಿಯಲ್ಲಿ ಸುತ್ತುತ್ತಿದ್ದಳು,
ಒಂದೇ ಅಕ್ಷರ, ಮತ್ತೆ ಮತ್ತೆ.