ಡ್ರೈವರ್ ಇಳಿದನಾ?

ಹನ್ನೊಂದು ಪಂದ್ಯ, ಎಂಟು ಸೋಲು.
ಪೇಪರ್‌ಟೌನ್ ಹುಡುಗರ ಈ ವರ್ಷದ ಬಾಳು
ನನ್ನ ತೊಡೆಯ ಮೇಲಿದೆ, ನೀಲಿ ಇಂಕಿನಲ್ಲಿ,
ಕಾರ್ಖಾನೆ ಮುಚ್ಚುವ ಮೊದಲು ತಂದಿಟ್ಟುಕೊಂಡ
ಕೊನೆಯ ರೀಮಿನ ಹಾಳೆಯಲ್ಲಿ.
ಕಾಗದ ಚೆನ್ನಾಗಿದೆ. ಇಂಕು ಒಡೆಯುವುದಿಲ್ಲ.

ಬೌಂಡರಿ ಗೆರೆಯಾಚೆ ಮಂಡಕ್ಕಿ ಪೊಟ್ಟಣ ಬಿಚ್ಚಿ
ಪಂಚಾಯ್ತಿ ಕೂತಿದೆ.
"ನೂರು ದಾಟದ ಬ್ಯಾಟಿಗೆ ಯಾವ ಬೌಲರ್ ಕಾವಲು?
ತೂತು ಕೊಡದಲ್ಲಿ ನೀರು ಹೊರಿಸಿ
ಹೊತ್ತವನ ಸೊಂಟಕ್ಕೆ ಬೈತೀರ?"
ಇದು ಖಲಂದರ್.
ಬೆಳಿಗ್ಗೆ ಗ್ಯಾಸ್ ಸಿಲಿಂಡರ್, ಮಧ್ಯಾಹ್ನ ಹೊಸ ಚೆಂಡು.
"ವೈಡು ಎಷ್ಟು ಹಾಕಿದೆ, ಅದನ್ನ ಹೇಳು!
ನಿನ್ನ ದೆಸೆಯಿಂದ ಕೀಪರ್ ಇನ್ನಾಸಿ
ಬೇಕರಿ ಬಾಗಿಲಲ್ಲೂ ಈಗ ಅಡ್ಡಡ್ಡ ನಡೆಯುತ್ತಾನೆ."
ಇದು ತಿಪ್ಪೇಶಿ, ಆರಂಭದ ಬ್ಯಾಟು,
ಸರಾಸರಿ ಒಂಬತ್ತು.
ನಕ್ಕರು. ಯಾರೂ ಪೂರ್ತಿ ನಗಲಿಲ್ಲ.
ಆಮೇಲೆ ನನ್ನ ಕಡೆ ತಿರುಗಿದರು:
"ಚನ್ನವೀರಣ್ಣ, ಬುಕ್ಕು ನೋಡಿ ಹೇಳಿ,
ಮುಳುಗಿಸಿದ್ದು ಬ್ಯಾಟೋ, ಬಾಲೋ?"

ಇಪ್ಪತ್ತೆಂಟು ವರ್ಷ ತೂಕದ ಮನೆಯಲ್ಲಿ ಕೂತವನು ನಾನು.
ಬಿದಿರಿನ ಲಾರಿ ತುಂಬಿ ಬಂದಾಗ ಒಂದು ತೂಕ,
ಖಾಲಿ ಹೋಗುವಾಗ ಇನ್ನೊಂದು;
ಕಳೆದು ಉಳಿದದ್ದು ಬಿದಿರು.
ಅಷ್ಟು ಸಲೀಸು.
ತಂಡವನ್ನು ಖಾಲಿ ಮಾಡಿ ತೂಗುವುದು ಹೇಗೆ?

ಲೆಕ್ಕ ಕೇಳಿದಿರಿ, ಕೊಡುತ್ತೇನೆ.
ಎಂಟು ಸೋಲಿನಲ್ಲಿ ನಾವು ಬಿಟ್ಟುಕೊಟ್ಟ ಇತರೆ ರನ್ನು
ನೂರಾ ಎಪ್ಪತ್ತಾರು.
ಬೌಲರನ್ನು ಕಂಬಕ್ಕೆ ಕಟ್ಟಲು ಅಷ್ಟು ಸಾಕು.
ಆದರೆ ಆ ವೈಡುಗಳ ತಾರೀಖು ನೋಡಿ:
ನಾವು ತೊಂಬತ್ತಕ್ಕೆ ಮುಗಿದ ದಿನವೇ
ಖಲಂದರನ ತೋಳು ಯಾರ್ಕರ್ ಹುಡುಕಿಕೊಂಡು
ಕಾಲಿನಾಚೆ ಅಲೆಯುತ್ತದೆ.
ಎದುರಿನವರು ನೂರೈವತ್ತು ಬಾರಿಸಿದ ದಿನವೇ
ತಿಪ್ಪೇಶಿ ಮೊದಲ ಓವರಿನಲ್ಲಿ ಆಕಾಶಕ್ಕೆ ಎತ್ತುತ್ತಾನೆ.
ಅವನ ದಿಗಿಲು ಇವನ ಬ್ಯಾಟಿನಲ್ಲಿ,
ಇವನದು ಅವನ ಬೆರಳಲ್ಲಿ.
ಬುಕ್ಕಿನಲ್ಲಿ ದಿಗಿಲಿಗೆ ಕಾಲಂ ಇಲ್ಲ.

ಇಷ್ಟು ಹೇಳಿ ಸುಮ್ಮನಾದೆ.
ಹೇಳದ್ದು ಒಂದು ಪುಟ.

ಶಿಕಾರಿಪುರದವರ ಎದುರು ಒಂದು ರನ್ನಿನ ಸೋಲು.
ರಾತ್ರಿ ಮನೆಯಲ್ಲಿ ಕೂಡಿಸಿದೆ:
ಬ್ಯಾಟಿನ ಕಡೆಯಿಂದ ನೂರಾ ಹನ್ನೆರಡು,
ಬೌಲಿಂಗ್ ಕಡೆಯಿಂದ ನೂರಾ ಹದಿಮೂರು.
ಮತ್ತೆ ಕೂಡಿಸಿದೆ. ಕೆಳಗಿನಿಂದ ಮೇಲಕ್ಕೆ ಕೂಡಿಸಿದೆ.
ಹೆಂಡತಿ ದೀಪ ಆರಿಸಿ ಎಂದಳು.

ಎಲ್ಲಿ ತಪ್ಪಿತೆಂದು ಗೊತ್ತು.
ಹದಿನೇಳನೇ ಓವರು. ಯಾವುದೋ ಬೇರೆ ಊರಿಗೆ
ಯಾವುದೋ ಬೇರೆ ಕಾರ್ಖಾನೆಗೆ ಹೊರಟಿದ್ದ
ಬಿದಿರಿನ ಲಾರಿಯೊಂದು ಮೈದಾನದ ಪಕ್ಕ ಹಾದುಹೋಯಿತು.
ಹಗ್ಗ ಬಿಗಿದ ರೀತಿ, ಹಿಂದಿನ ಟೈರು ಕುಗ್ಗಿದ ರೀತಿ...
ಹನ್ನೊಂದೂವರೆ ಟನ್, ಅಂದುಕೊಂಡೆ,
ಹಸಿ ಬಿದಿರಾದರೆ ಹನ್ನೆರಡು.
ಕಣ್ಣು ತಿರುಗಿಸಿದಾಗ ತಿಪ್ಪೇಶಿ ಈ ತುದಿಯಲ್ಲಿದ್ದ.
ಹೇಗೆ ಬಂದ? ಕೇಳಬಹುದಿತ್ತು.
ಅಂಪೈರ್ ಅಲ್ಲೇ ಇದ್ದ, ಕೂಗಿದರೆ ಕೇಳುವಷ್ಟು ದೂರ.

ತೂಕದ ಮನೆಯಲ್ಲಿ ಹಳೆಯ ಮೋಸ ಒಂದಿತ್ತು:
ತುಂಬಿದ ಲಾರಿ ತೂಗುವಾಗ ಡ್ರೈವರ್ ಸೀಟಿನಲ್ಲೇ ಇರುವನು,
ಖಾಲಿ ತೂಗುವಾಗ ಬೀಡಿಗೆಂದು ಇಳಿಯುವನು.
ಅರವತ್ತು ಕೇಜಿ ಮನುಷ್ಯ
ಬಿದಿರಿನ ದರಕ್ಕೆ ಮಾರಾಟ.
ಅದಕ್ಕೇ ಕಿಟಕಿಯಿಂದ ತಲೆ ಹಾಕಿ
ನಾನು ಕೇಳುತ್ತಿದ್ದ ಮೊದಲ ಮಾತು:
ಡ್ರೈವರ್ ಇಳಿದನಾ?

ಹುಡುಗರು ಎದ್ದರು.
ಮ್ಯಾಟಿನ ಒಂದು ತುದಿ ಖಲಂದರ್, ಇನ್ನೊಂದು ತಿಪ್ಪೇಶಿ,
ಸುತ್ತಿ ಹೆಗಲಿಗೇರಿಸಿದರು, ಬೈದುಕೊಳ್ಳುತ್ತಲೇ,
ಹೆಜ್ಜೆ ಮಾತ್ರ ತಪ್ಪದೆ.
"ಬರಲ್ವಾ ಅಣ್ಣ, ಕತ್ತಲಾಯ್ತು" ಎಂದ ಇನ್ನಾಸಿ.

ಬುಕ್ಕಿನ ಮೇಲೆ ಕೈಯಿಟ್ಟುಕೊಂಡು
ನಾನಿನ್ನೂ ಕೂತೇ ಇದ್ದೇನೆ.