ನಾಲ್ಕನೇ ಕಾಲಂ

ಮಂಗಳೂರಿನ ಕಚೇರಿಯಿಂದ ನಮೂನೆ ಬಂದಿದೆ, ಅಯ್ಯನವರೇ.
ಒಂದು: ಭೇಟಿಯಾದ ರೋಗಿಗಳು. ಎರಡು: ಮಾಡಿದ ಪ್ರಾರ್ಥನೆಗಳು.
ಮೂರು: ಹಂಚಿದ ಕರಪತ್ರಗಳು.
ನಾಲ್ಕು: ನಿಮ್ಮ ಸೇವೆಯ ತತ್ವ. ನೂರು ಪದ ಮೀರಬಾರದು.

ಮೂರರ ತನಕ ಸುಳ್ಳಿಲ್ಲದೆ ಬರೆದೆ. ಕರಪತ್ರ ಸೊನ್ನೆ.
ಅಮ್ಮತ್ತಿಯ ಮಳೆಗೆ ಇಡೀ ಕಟ್ಟು ಬೂಸ್ಟು ಹಿಡಿದು
ಒಂದಕ್ಕೊಂದು ಅಂಟಿಕೊಂಡಿತ್ತು,
ಅಡುಗೆಯ ಫಿಲೋಮಿನಮ್ಮ ಒಲೆ ಹೊತ್ತಿಸಲು ಒಯ್ದರು.
ನಾಲ್ಕರ ಮುಂದೆ ಕೂತು ಇದು ಮೂರನೇ ರಾತ್ರಿ.

ಮೊದಲ ವರ್ಷ ನನ್ನಲ್ಲಿ ತತ್ವ ಬೇಕಾದಷ್ಟಿತ್ತು.
ಜೇಬಿನಲ್ಲಿ ಪುಟ್ಟ ವೇದಪುಸ್ತಕ, ನಾಲಗೆಯ ತುದಿಯಲ್ಲೇ ಸಾಂತ್ವನ.
ಸುಬೇದಾರ್ ಉತ್ತಯ್ಯನವರ ತಲೆದೆಸೆಗೆ ನಿಂತು
ಕಣ್ಣು ಮುಚ್ಚಿ ಉದ್ದಕ್ಕೆ ಬೇಡಿಕೊಂಡೆ.
ಆಮೆನ್ ಅನ್ನುವ ಮೊದಲೇ ಅವರು:
“ಪಾದ್ರಿ, ಮಂಚದಡಿ ಬಾಟಲಿಯಿದೆ, ಅದನ್ನು ಕೊಡಿ.
ನಿಮ್ಮ ದೇವರಿಗೆ ಅರ್ಜೆಂಟಿಲ್ಲ. ನನಗಿದೆ.”
ಕೊಟ್ಟೆ. ಮುಖ ತಿರುಗಿಸಿ ನಿಂತೆ.
ಬೆಚ್ಚಗಿನ ಬಾಟಲಿಯನ್ನು ಚೆಲ್ಲಿ, ತೊಳೆದು ತಂದಿಟ್ಟಾಗ
ಸ್ಟೂಲು ತೋರಿಸಿದರು.
ಆ ವಾರ್ಡಿನಲ್ಲಿ ಯಾರೋ ನನಗೆ
ಕೂತುಕೋ ಅಂದದ್ದು ಅದೇ ಮೊದಲು.

ಇನ್ನೊಮ್ಮೆ, ಜೇನು ಕೀಳಲು ಹತ್ತಿ ಮರದಿಂದ ಬಿದ್ದ ಮಾಸ್ತ.
ಸೊಂಟ ಮುರಿದಿತ್ತು. ದೇವರೇ ನಮ್ಮ ಕುರುಬ, ಎಂದು ಓದಿದೆ.
ನೋವಿನ ನಡುವೆಯೂ ತಲೆಯೆತ್ತಿದ:
“ನಮ್ಮ ಪೈಕಿಯಾ? ಯಾವ ಹಾಡಿ? ತಿತಿಮತಿ ಕಡೆಯವನಾ?”
ಸೆಮಿನರಿಯಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ.
ಕುರಿ, ಹುಲ್ಲುಗಾವಲು ಎಂದೆಲ್ಲ ವಿವರಿಸಿದೆ.
“ಕುರಿಯಾ,” ಎಂದ. “ಹಂಗಾದ್ರೆ ನಮ್ಮೋನಲ್ಲ.”
ಗೋಡೆಯ ಕಡೆಗೆ ಮುಖ ಹೊರಳಿಸಿದ.
ಹೌದು ಅನ್ನಬಹುದಿತ್ತು, ಅಯ್ಯನವರೇ.
ಯಾವ ಹಾಡಿಯೋ ಗೊತ್ತಿಲ್ಲ ಮಾಸ್ತ, ನಾನೂ ಹುಡುಕುತ್ತಿದ್ದೇನೆ
ಅನ್ನಬಹುದಿತ್ತು, ಅದು ನಿಜವೂ ಆಗಿತ್ತು.

ಈ ಜನವರಿಯಲ್ಲಿ, ಕಾಫಿ ಕೊಯ್ಲಿಗೆ ಬಂದ ಅಸ್ಸಾಮಿನ ಹುಡುಗಿ,
ಬಿನೀತಾ ತಾಂತಿ.
ಸಿದ್ದಾಪುರದ ಲೈನ್‌ಮನೆಯಿಂದ ಜೀಪು ಬರುವಷ್ಟರಲ್ಲಿ
ಮಗು ಒಳಗೇ ತಣ್ಣಗಾಗಿತ್ತು.
ಅವಳ ಭಾಷೆ ನನಗಿಲ್ಲ, ನನ್ನ ನಾಲ್ಕೂ ಭಾಷೆ ಅವಳಿಗಿಲ್ಲ.
ಒಂದು ಕೈಗೆ ಡ್ರಿಪ್ಪು, ಇನ್ನೊಂದು ಬಿಳಿ ಬಟ್ಟೆಯ ಗಂಟಿನ ಮೇಲೆ,
ಫೋನು ಹಿಡಿಯಲು ಮೂರನೆಯ ಕೈ ಬೇಕಿತ್ತು.
ನಲವತ್ತು ನಿಮಿಷ ನಾನು ಆ ಕೈಯಾದೆ.
ಪರದೆಯಲ್ಲಿ ಅವಳ ತಾಯಿ, ಹಿಂದೆ ತಗಡಿನ ಗೋಡೆ, ಒಂದು ಕೋಳಿ.
ಬೈಗುಳವೋ ಜೋಗುಳವೋ, ಎರಡೂ ಇತ್ತೇನೋ.
ಕೊನೆಗೆ ಆ ತಾಯಿ ನೇರ ನನ್ನನ್ನೇ ಏನೋ ಕೇಳಿದಳು.
ಹೂಂ ಎಂದೆ.
ಏನಕ್ಕೆ ಒಪ್ಪಿಕೊಂಡೆನೋ ಇವತ್ತಿಗೂ ತಿಳಿಯದು.

ಮಣ್ಣಿಗಿರಬೇಕು ಎಂದುಕೊಂಡೆ.
ಸಭೆಯ ಹಿರಿಯ ಎಲೀಷ ಅಮ್ಮನ್ನರ ಮನೆಗೆ ಹೋಗಿ
ದೇವಾಲಯದ ಹಿಂದೆ ಒಂದು ಮೊಳ ಜಾಗ ಕೇಳಿದೆ.
“ದೀಕ್ಷಾಸ್ನಾನ ಆಗಿಲ್ಲ. ನಮ್ಮವರೂ ಅಲ್ಲ.”
ನಾನು ವಾದಿಸಲಿಲ್ಲ. ಧೈರ್ಯ ಸಾಲಲಿಲ್ಲ.
ಎದ್ದು ಬರಲೂ ಆಗದೆ ಜಗಲಿಯಲ್ಲೇ ಕೂತೆ.
ಎರಡು ಸಲ ಕಾಫಿ ಬಂತು. ಕತ್ತಲಾಗುವಾಗ ಅವರೇ ಹೊರಬಂದು
“ಬೇಲಿಯ ಹತ್ತಿರ. ಕಲ್ಲು ನೆಡಬಾರದು,” ಎಂದರು.
ನೆಟ್ಟಿಲ್ಲ.
ಸಿಲ್ವರ್ ಓಕಿನ ಎಲೆ ಬಿದ್ದೂ ಬಿದ್ದೂ
ಈಗ ಗುರುತು ಯಾರಿಗೂ ಸಿಗದು. ನನಗೆ ಸಿಗುತ್ತದೆ.

ನಮೂನೆಯ ತಲೆಯಲ್ಲಿ “ಹೊರಸೇವೆ” ಎಂದಿದೆ.
ಯಾರ ಹೊರಗೆ, ಅಯ್ಯನವರೇ?
ದಿನಾ ಪರದೆಯ ಈಚೆ ನಿಂತು
ಒಳಗೆ ಬರಲಾ ಎಂದು ಕೇಳುವವನು ನಾನು.
ಕೆಲವರು ಬೇಡ ಅನ್ನುತ್ತಾರೆ. ಅದನ್ನೂ
ಒಂದನೇ ಕಾಲಂನಲ್ಲಿ ಭೇಟಿ ಎಂದೇ ಬರೆದಿದ್ದೇನೆ, ಕ್ಷಮಿಸಿ.

ನಾಲ್ಕು ಇನ್ನೂ ಖಾಲಿ. ಪೆನ್ನು ತೆಗೆದಿದ್ದೆ,
ರಾತ್ರಿ ಪಾಳಿಯ ಸಿಸ್ಟರ್ ಬಾಗಿಲು ತಟ್ಟಿದರು:
ಆರನೇ ಮಂಚದ ಕುಂಞಿಪಾತುಮ್ಮ ಕರೆಯುತ್ತಿದ್ದಾರಂತೆ,
ನನ್ನನ್ನಲ್ಲ,
ಯಾರಾದರೂ ಬಂದು ಆ ಕಿಟಕಿ ಮುಚ್ಚಲಿ ಎಂದು.
ಚಳಿ ಬರುತ್ತಿದೆ.
ಹೋಗಿ ಬರುತ್ತೇನೆ.