ಖಾಕಿ ಡೇರೆ

ಡೇರೆ ಪಾಲಾದದ್ದು ಹೀಗೆ:
ಬಟ್ಟೆ ಹಿರಿಯರಿಗೆ, ಕಂಬ ಗೂಟ ನಮಗೆ.
ಮಾವ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದವರು,
ಊರೂರಿನ ಹೊಲದ ಗಡಿ ಅಳೆದು ಕೊಟ್ಟವರು;
ಅವರು ಹೋದ ಮೇಲೆ ಮಕ್ಕಳಿಬ್ಬರು
ಕಡೂರಿನ ಮನೆಯ ನಡುವೆ ಇಟ್ಟಿಗೆ ಏರಿಸಿ
ಹಂಡೆ, ಒರಳು, ಗೋಡೆ ಗಡಿಯಾರ ಹಂಚಿಕೊಂಡು
ಕಡೆಗೆ ಉಳಿದ ಖಾಕಿ ಡೇರೆಯನ್ನೂ ಬಿಡಲಿಲ್ಲ.
ಅತ್ತೆ ಹದಿನೈದು ದಿನ ಆ ಕಡೆ, ಹದಿನೈದು ದಿನ ಈ ಕಡೆ.
ಮೂವತ್ತೊಂದನೇ ತಾರೀಖು ಬಂದರೆ
ತಂಗಿಯ ಮನೆಗೆ ಹೋಗಿಬಿಡುತ್ತಿದ್ದರು.

ಮೂರು ವರ್ಷ ಅವರ ಅಟ್ಟದಲ್ಲಿ ಬಟ್ಟೆ ಮಡಿಸಿಕೊಂಡಿತ್ತು,
ನಮ್ಮ ಬಚ್ಚಲ ಹಿಂದೆ ಕಂಬಗಳ ಮೇಲೆ
ನಾನು ಮಸಿಬಟ್ಟೆ ಒಣಗಿಸಿದೆ.

ಹೊರಡಿಸಿದ್ದು ಮಕ್ಕಳು. ನಮ್ಮ ಇಂಪನ, ಅವರ ಚಿರಂತ್
ಗೋಡೆಯ ಎರಡೂ ಕಡೆ ಒಂದೇ ಹಟ:
ಅಯ್ಯನಕೆರೆ, ಒಂದು ರಾತ್ರಿ, ಮೀನು.

ಓಮ್ನಿಯಲ್ಲಿ ಏಳು ಜನ.
ಸಖರಾಯಪಟ್ಟಣ ದಾಟುವ ತನಕ
ಮಾತಾಡಿದ್ದು ಕುಕ್ಕರಿನ ಮುಚ್ಚಳ ಒಂದೇ.
ಆಮೇಲೆ ಏರಿ ಹತ್ತಿದ್ದೇ, ನೀರು.
ಅತ್ತೆ ಗಾಜಿಗೆ ಹಣೆ ಒತ್ತಿ
"ಇದಕ್ಕೆ ಆಚೆ ದಡ ಅಂತ ಇದೆಯೇನೇ?" ಎಂದರು.
ಶಕುನಗಿರಿ ಕಾಲು ನೆನೆಸಿಕೊಂಡು ಕೂತಿತ್ತು,
ಏಳುವ ಅವಸರವಿಲ್ಲದವರ ಹಾಗೆ.

ಗುತ್ತಿಗೆಯವರ ಕಡೆಯ ಹುಡುಗ ಬಂದ.
"ಗಾಳಕ್ಕೆ ಐವತ್ತು, ಬಲೆ ಬೀಸಿದರೆ ಜಗಳ."
ಅಣ್ಣ ತಮ್ಮ ಒಟ್ಟಿಗೇ ಜೇಬಿಗೆ ಕೈಹಾಕಿದರು,
ಒಟ್ಟಿಗೇ ಚಾಚಿದರು.
ಹುಡುಗ ಎರಡನ್ನೂ ತಗೊಂಡ.

ಡೇರೆ ಎದ್ದಿತು, ಒಂದು ಕಾಲು ಕುಂಟುತ್ತ.
ಒಂದು ಕಂಬಕ್ಕೆ ನಾವು ಅವರೆ ಬಳ್ಳಿ ಹಬ್ಬಿಸಿ
ಬುಡಕ್ಕೆ ಗೆದ್ದಲು ಹಿಡಿಸಿದ್ದೆವು.
ಓರಗಿತ್ತಿ ಅದನ್ನು ನೋಡಿದಳು.
ನಾನು ಬಟ್ಟೆಯಲ್ಲಿ ಇಲಿ ಕಡಿದ ತೂತು ನೋಡಿದೆ.
ಲೆಕ್ಕ ಸರಿಹೋಯಿತು.

ಚಿಪ್ಪಿನಲ್ಲಿ ಎರೆಹುಳ. ಬೆಂಡಿಗೆ
ಹಳೇ ಹವಾಯಿ ಚಪ್ಪಲಿಯ ನೀಲಿ ತುಂಡು.
ಸರಪಳಿ ಹಿಡಿದು ಅಳೆದ ಹಾಗೆ
ದೂರ ಬಿಟ್ಟು ಕೂತರು ಇಬ್ಬರೂ.
ಗಾಳಿ ಮಾತ್ರ ಅಳತೆ ಗೊತ್ತಿಲ್ಲದ್ದು,
ಬೆಂಡುಗಳೆರಡನ್ನೂ ತೇಲಿಸಿ ತೇಲಿಸಿ
ಒಂದರ ಪಕ್ಕ ಒಂದು ತಂದು ನಿಲ್ಲಿಸಿತು.

ಮೀನೇ? ಬೆರಳುದ್ದದ್ದು ಎರಡು. ಒಂದು ಏಡಿ.
ಚಿರಂತನ ಗಾಳಕ್ಕೆ ಅಂಗೈಯಗಲ ಜಿಲೇಬಿ ಬಿದ್ದಾಗ
ಅತ್ತೆ "ಪಾಕ ಎಲ್ಲೋ?" ಎಂದು ಕೇಳಿ
ತಾವೇ ನಕ್ಕು ನಕ್ಕು ಕೆಮ್ಮಿದರು.

ಕತ್ತಲಾಗುತ್ತಿತ್ತು. ದಾರ ಬೀಸಲು ಹೋಗಿ
ನನ್ನವರ ಹೆಬ್ಬೆರಳಿಗೆ ಕೊಕ್ಕೆ ಹೊಕ್ಕಿತು.
ಕೂಗಲಿಲ್ಲ. ಎಳೆದರು. ಬರಲಿಲ್ಲ.
ಹಲ್ಲು ಕಚ್ಚಿ ಮತ್ತೆ ಎಳೆಯುವಾಗ
"ಎಳೀಬೇಡ್ವೋ ಬಸ್ಯಾ!"

ಮೂರು ವರ್ಷದ ಮೇಲಿನ ಮೊದಲ ಮಾತು
ನೀರಿನ ಮೇಲೆ ಓಡಿ ಗುಡ್ಡಕ್ಕೆ ತಾಗಿ
ಅರ್ಧವೇ ವಾಪಸು ಬಂತು: ಬಸ್ಯಾ.

ಮೋಟಾರು ಸುತ್ತುವ ಪಾಲಾಕ್ಷ ಭಾವನ ಕೈ
ತಮ್ಮನ ಬೆರಳನ್ನು ತೊಡೆಯ ಮೇಲೆ ಒತ್ತಿಹಿಡಿಯಿತು.
"ಮುಳ್ಳಿದೆ ಇದಕ್ಕೆ. ಹಿಂದಕ್ಕೆಳೆದ್ರೆ ಮಾಂಸ ಕೀಳುತ್ತೆ.
ಮುಂದಕ್ಕೇ ತಳ್ಳಬೇಕು. ನೋವಾಗುತ್ತೆ."
"ಹೂಂ."
ನನ್ನ ಕೈಯಲ್ಲಿ ಟಾರ್ಚು ನಡುಗಿತು.
ಚರ್ಮ ಉಬ್ಬಿತು, ಬಿಳುಚಿತು,
ಇನ್ನೊಂದು ಕಡೆಯಿಂದ ಕೊಕ್ಕೆ ಇಣುಕಿತು.
ಕಟಿಂಗ್ ಪ್ಲೇಯರು ಟಕ್ ಎಂದು ಮುಳ್ಳು ಕತ್ತರಿಸಿದ ಮೇಲೆ
ಉಳಿದದ್ದು ಬಂದ ದಾರಿಯಲ್ಲೇ ಹೊರಬಂತು.

ಆಮೇಲೆ ಏನೂ ಆಗಲಿಲ್ಲ. ಚಿತ್ರಾನ್ನ ಉಂಡೆವು.
ಒಂದು ಜಿಲೇಬಿ ಸುಟ್ಟು ಏಳು ಪಾಲು ಮಾಡಿದರು ಅತ್ತೆ,
ತಮ್ಮ ಪಾಲು ಮೊದಲು ತಿಂದು.
ಇಡೀ ರಾತ್ರಿ ಇಲಿ ಕಡಿದ ತೂತಿನಲ್ಲಿ
ಒಂದೇ ನಕ್ಷತ್ರ ಬಂದು ಬಂದು ಹೋಯಿತು
ಅಥವಾ ಬೇರೆ ಬೇರೆಯವು, ಯಾರು ಎಣಿಸಿದರು.

ಭಾನುವಾರ ಪೆಟ್ರೋಲಿನ ದುಡ್ಡಿಗೆ
ದಾರಿಯುದ್ದಕ್ಕೂ ಕಿತ್ತಾಡಿದರು. ಬಾಯಿ ಬಿಟ್ಟು,
ಹೆಸರು ಹಿಡಿದು. ಅತ್ತೆ ನೆಮ್ಮದಿಯಾಗಿ ತೂಕಡಿಸಿದರು.

ಇಬ್ಬನಿಗೆ ನೆಂದು ಭಾರವಾಗಿದ್ದ ಬಟ್ಟೆಯನ್ನು
ನಾನೂ ಅಕ್ಕನೂ ಎತ್ತಿ ಹರವಿದ್ದು ನಡುಗೋಡೆಯ ಮೇಲೆ,
ಅಷ್ಟುದ್ದದ್ದು ಒಣಗಲು ಬೇರೆ ಜಾಗವಿಲ್ಲ.
ಎರಡೂ ಅಂಗಳಕ್ಕೆ ತೊಟ್ಟಿಕ್ಕಿತು.
ಒಣಗಿ ನಾಲ್ಕು ದಿನವಾಯಿತು.
ಯಾರೂ ತೆಗೆದಿಲ್ಲ.